ತ್ರೀನಾಟ್‌ತ್ರೀ ರೈಫಲ್ ಬಿಡಿಭಾಗ ತಂದು ಜೋಡಿಸ್ತೀನಿ ಅನ್ನೋರು ಮೊದಲು ಇದನ್ನ ಓದಿ

ಬರೆಯಲೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ನಾಚಿಕೆ ಆಗುತ್ತೆ. ಆದರೆ ಮೊನ್ನೆ ನಮ್ಮ ಕೊಡಗಿನ ಹುಡುಗನೊಬ್ಬ, ಡೆಟ್ರಾಯಿಟ್ ಕಡೆ ಇರುವವನು, ಫೋನ್ ಮಾಡಿ, "ಅಣ್ಣಾ, ಪೂರ್ತಿ ರೈಫಲ್‌ಗೆ ಏಳುನೂರು ಡಾಲರ್ ಕೇಳ್ತಾರೆ. ಬಿಡಿಬಿಡಿಯಾಗಿ ತಂದು ಕೂಡಿಸಿದ್ರೆ ನಾನೂರಲ್ಲಿ ಆಗುತ್ತಲ್ಲ?" ಅಂದ. ಏಪ್ರಿಲ್‌ನಲ್ಲಿ ನಾನು ಹೆಂಡತಿಗೆ ಹೇಳಿದ್ದೂ ಇದೇ ಮಾತು. ಅದಕ್ಕೇ ಬರೀತಿದ್ದೇನೆ.

ನನಗೆ ಲೀ ಎನ್‌ಫೀಲ್ಡೇ ಏಕೆ ಬೇಕಾಗಿತ್ತು ಅಂತ ಹೇಳಿಬಿಡ್ತೀನಿ. ಅಪ್ಪ 1962ರ ಹೊತ್ತಿಗೆ ಸೇನೆ ಸೇರಿದವರು. ಅವರ ಕೈಗೆ ಮೊದಲು ಕೊಟ್ಟಿದ್ದು ತ್ರೀನಾಟ್‌ತ್ರೀ, ಅಂದರೆ .303 ತೋಟಾದ ಇದೇ ಲೀ ಎನ್‌ಫೀಲ್ಡ್ ರೈಫಲ್. ಊರಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಜೋಡಿ ನಳಿಗೆಯ ತೋಟಾ ಕೋವಿ ಮಾತ್ರ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದರೆ ನಮ್ಮ ಕೊಡವರ ಆಯುಧಪೂಜೆ ದಿನ, ಅದಕ್ಕೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡುವಾಗೆಲ್ಲ ಅಪ್ಪ ಆ ರೈಫಲ್ ಬಗ್ಗೆ ಹೇಳುತ್ತಿದ್ದರು. ಇಲ್ಲಿ ಓಹಾಯೋಗೆ ಬಂದು, ಸಿಟಿಜನ್ ಆಗಿ, ಕಾನೂನು ಪ್ರಕಾರ ಕೊಳ್ಳಬಹುದು ಅಂತಾದ ಮೇಲೆ ಒಂದೇ ಆಸೆ: ಬಂಗಾಳದ ಇಶಾಪುರ್ ಕಾರ್ಖಾನೆಯಲ್ಲಿ ಆದ ಒಂದು ನಂಬರ್ 1 ಮಾರ್ಕ್ 3 ಸ್ಟಾರ್, ಅದೇ ಲೀ ಎನ್‌ಫೀಲ್ಡ್‌ನ ಒಂದು ಮಾದರಿ. ಸೆಪ್ಟೆಂಬರ್ 3ಕ್ಕೆ ಅದಕ್ಕೇ ಪೂಜೆ, ಅಪ್ಪ ವಿಡಿಯೋದಲ್ಲಿ ನೋಡಬೇಕು.

ಗನ್ ಶೋ ಒಂದರಲ್ಲಿ ಪೂರ್ತಿ ರೈಫಲ್ ಸಿಕ್ಕಿತ್ತು. ಭಾಗಗಳ ಮೇಲಿನ ನಂಬರ್‌ಗಳೆಲ್ಲ ಒಂದೇ, ಅಂದರೆ ಎಲ್ಲ ಒಂದೇ ರೈಫಲಿನವು: ರಿಸೀವರ್ (ಮಿಕ್ಕ ಭಾಗ ಕೂರುವ ಲೋಹದ ಬಾಡಿ), ಬೋಲ್ಟ್ (ತೋಟಾ ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ), ನಳಿಗೆ, ಮೂತಿಯ ನೋಸ್‌ಕ್ಯಾಪ್, ಎಲ್ಲ. 700 ಡಾಲರ್. ಆ ಅಜ್ಜ ಬೋಲ್ಟ್ ತೆಗೆದು ನಳಿಗೆಯೊಳಗೆ ಬೆಳಕು ಬಿಟ್ಟು ತಾನೇ ತೋರಿಸಿದರು. ನಾನು ಐವತ್ತು ಕಡಿಮೆ ಮಾಡಿ ಅಂದೆ, ಅವರು ಆಗಲ್ಲ ಅಂದರು, ನಾನು ಬಿಟ್ಟು ಬಂದೆ. ಬಿಟ್ಟು ಬಂದೆ! ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆಮೇಲೆ ಆನ್‌ಲೈನ್‌ನಲ್ಲಿ ಒಬ್ಬ ಸಿಕ್ಕಿದ. ಹೆಸರು ಬರೆಯಲ್ಲ. ಇಶಾಪುರ್ ರಿಸೀವರ್, ನಳಿಗೆ ಸಮೇತ, 280 ಡಾಲರ್. ಫೋಟೋದಲ್ಲಿ ಕಿರೀಟದ ಗುರುತು, ಜಿ.ಆರ್.ಐ. (ಬ್ರಿಟಿಷ್ ದೊರೆ ಜಾರ್ಜ್‌ನ ಗುರುತು), 1943, ಎಲ್ಲ ಸ್ಪಷ್ಟ. ನಾನು ದುಡ್ಡು ಕಟ್ಟಿದ ಮರುದಿನವೇ ಅವನ ಮೆಸೇಜ್: ಇದೇ ರೈಫಲಿನ ಮರದ ಹಿಡಿಕೆ ಭಾಗವೂ ನನ್ನ ಹತ್ತಿರವೇ ಇದೆ, ಬೇಕಾ? 240. ವಾರ ಬಿಟ್ಟು ಇನ್ನೊಂದು: ನೋಸ್‌ಕ್ಯಾಪ್, ಬ್ಯಾಂಡ್, ಗುರಿ ನೋಡುವ ಸೈಟ್ ಸಾಮಾನು ಸಿಕ್ಕಿದೆ, ಇದೂ ಅದರದ್ದೇ, 165. ಬೋಲ್ಟ್ 110. ಮ್ಯಾಗಝೀನ್ (ತೋಟಾ ತುಂಬುವ ಡಬ್ಬಿ) 60. ಪ್ರತಿ ಸಲವೂ "ಅದೇ ರೈಫಲಿಂದು, ಅದೇ ರೈಫಲಿಂದು" ಅಂತ. ಅದೇ ರೈಫಲಿಂದಾದರೆ ಬಿಚ್ಚಿ ಮಾರುವ ಅಗತ್ಯ ಏನಿತ್ತು ಅಂತ ನಾನು ಕೇಳಲೇ ಇಲ್ಲ.

ಲೆಕ್ಕ ಹಾಕಿ. ಸಾಗಾಟ 45, ಡೀಲರ್ ಫೀಸ್ 40, ಕೊನೆಗೆ ಗನ್‌ಸ್ಮಿತ್‌ಗೆ (ಬಂದೂಕು ರಿಪೇರಿಯವರಿಗೆ) 75. ಒಟ್ಟು 1,015. ಅಜ್ಜನ ಹತ್ತಿರ ಐವತ್ತು ಡಾಲರ್‌ಗೆ ಚೌಕಾಸಿ ಮಾಡಿದವನು ನಾನು.

ನಾನು ಮಾಡಿದ ದೊಡ್ಡ ತಪ್ಪು ಡೀಲರ್ ಅಂಗಡಿಯಲ್ಲಿ ಆಯಿತು. ಗೊತ್ತಲ್ಲ, ಕಾನೂನಿನ ಕಣ್ಣಿಗೆ ಇಲ್ಲಿ ಬಂದೂಕು ಅಂದರೆ ರಿಸೀವರ್, ಬೇರೆ ರಾಜ್ಯದಿಂದ ತರಿಸಿದರೆ ಅದೊಂದು ಮಾತ್ರ ಲೈಸೆನ್ಸ್ ಇರುವ ಡೀಲರ್ ಮೂಲಕ ಬರಬೇಕು. ಮಿಕ್ಕಿದ್ದು ಅಂಚೆಯಲ್ಲಿ ಮನೆಗೇ ಬರುತ್ತೆ. ಮಾರುವವನ ಷರತ್ತಿನಲ್ಲಿ ಮೂರು ದಿನ ಪರೀಕ್ಷಿಸುವ ಅವಕಾಶ ಇತ್ತು, ಆದರೆ ನಮ್ಮ ಹೆಸರಿಗೆ ವರ್ಗಾವಣೆ ಆದಮೇಲೆ ವಾಪಸ್ ಇಲ್ಲ. ನಾನು ಡಬ್ಬ ಬಿಚ್ಚಿದೆ, ಇಶಾಪುರ್ ಅನ್ನೋ ಅಕ್ಷರ ಬೆರಳಿಂದ ಸವರಿ ನೋಡಿದೆ, ಖುಷಿಯಲ್ಲಿ, ಬಂದೂಕು ಕೊಳ್ಳುವವರು ತುಂಬಬೇಕಾದ 4473 ಫಾರ್ಮ್ ತುಂಬಿ ಸಹಿ ಹಾಕಿಬಿಟ್ಟೆ. ಐದು ನಿಮಿಷ. ಎಡಮಗ್ಗುಲು ತಿರುಗಿಸಿ ನೋಡಲೇ ಇಲ್ಲ.

ಜೋಡಿಸಲು ಕೂತಾಗಲೇ ಅನುಮಾನ ಶುರುವಾಯಿತು. ನೋಸ್‌ಕ್ಯಾಪ್ ನಂಬರ್ ಒಂದು, ಬೋಲ್ಟ್ ನಂಬರ್ ಇನ್ನೊಂದು. ಮ್ಯಾಗಝೀನ್ ಚೌಕಾಕಾರವಾಗಿತ್ತು, ಕೂರುತ್ತಿರಲಿಲ್ಲ. ಆಮೇಲೆ ತಿಳಿಯಿತು, ಅದು 2ಎ1ದ್ದು, ಅಂದರೆ ಚೀನಾ ಯುದ್ಧದ ನಂತರ ಇಶಾಪುರ್‌ನವರು 7.62 ತೋಟಾಕ್ಕೆ ಅಂತಲೇ ಮಾಡಿದ ಬೇರೆ ಮಾದರಿ. ಮುಂಭಾಗದ ಮರದಲ್ಲಿ, ರಿಸೀವರ್ ಹಿಂದಕ್ಕೆ ಒದೆಯುವ ಪೆಟ್ಟು ತಡೆದುಕೊಳ್ಳುವ ಜಾಗದಲ್ಲೇ, ಸೀಳು. ಅದಕ್ಕೆ ಏನೋ ಮೆತ್ತಿ ಮೇಲೆ ಎಣ್ಣೆ ಹಚ್ಚಿದ್ದ. ಅಪ್ಪ ವಿಡಿಯೋದಲ್ಲಿ ನೋಡಿ ಮೊದಲು ಕೇಳಿದ್ದೇ "ಬಾಡಿ ನಂಬರು, ಬೋಲ್ಟ್ ನಂಬರು ಒಂದೇನಾ?" ಅಂತ. ನಾನು ಹೌದು ಅಂದುಬಿಟ್ಟೆ. ಎಂಬತ್ತು ದಾಟಿದ ತಂದೆಗೆ ಸುಳ್ಳು ಹೇಳಿದೆ.

ಮಗನಿಗೆ ಹದಿನಾಲ್ಕು. ಶನಿವಾರ ಅವನನ್ನು ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋಗೋದು ಅಂತ ಎರಡು ಪೆಟ್ಟಿಗೆ ತೋಟಾ ತಂದಿಟ್ಟಿದ್ದೆ. ಹೆಂಡತಿ ಹಟ ಹಿಡಿದಳು, ಯಾರಿಗಾದರೂ ತೋರಿಸಿ ಆಮೇಲೆ ಹೋಗಿ ಅಂತ. ಅವಳು ಹಟ ಹಿಡಿಯದಿದ್ದರೆ ಏನಾಗುತ್ತಿತ್ತೋ, ಯೋಚಿಸಲೂ ಭಯ.

ಗನ್‌ಸ್ಮಿತ್ ವಯಸ್ಸಾದವರು, ಮಾತು ಕಡಿಮೆ. ಮೊದಲು ಗೇಜ್ ಹಾಕಿದರು. ತೋಟಾ ಕೂರುವ ಜಾಗ ಮಿತಿ ಮೀರಿ ಸಡಿಲವಾಗಿದೆಯಾ ಅಂತ ನೋಡುವ ಅಳತೆ ತುಂಡು ಅದು: 0.074 ಅಂಗುಲದ ಫೀಲ್ಡ್ ಗೇಜ್ ಇಟ್ಟಾಗ ಬೋಲ್ಟ್ ಮುಚ್ಚಿಕೊಳ್ಳಬಾರದು. ಮುಚ್ಚಿಕೊಂಡರೆ ಗುಂಡು ಹಾರಿಸುವಾಗ ತೋಟಾ ಒಡೆಯಬಹುದು. ಮುಚ್ಚಿಕೊಂಡಿತು. ಬೆಣ್ಣೆಯಲ್ಲಿ ಕೂತಂತೆ ಮುಚ್ಚಿಕೊಂಡಿತು. ಅವರು ಏನೂ ಹೇಳಲಿಲ್ಲ. ರೈಫಲ್ ತಿರುಗಿಸಿ ಎಡಗಡೆ ದಪ್ಪಗೆ ಬಳಿದಿದ್ದ ಕಪ್ಪು ಬಣ್ಣದ ಮೇಲೆ ಬಟ್ಟೆಗೆ ಸಾಲ್ವೆಂಟ್ ಹಾಕಿ ಉಜ್ಜಿದರು. ಬಣ್ಣ ಎದ್ದು ಬಂತು. ಕೆಳಗೆ ಅರ ಹಾಕಿ ಉಜ್ಜಿದ ಗೀರು. ಗೀರುಗಳ ನಡುವೆ ಡಿ ಅಕ್ಷರದ ಹೊಟ್ಟೆ, ಪಕ್ಕದಲ್ಲಿ ಪಿ ಅಕ್ಷರದ ಕಾಲು. ಮೇಲಿನ ಮರ ತೆಗೆದರೆ ನಳಿಗೆಯ ಬುಡದಲ್ಲೂ ಅದೇ.

ಡಿ.ಪಿ. ಅಂದರೆ ಡ್ರಿಲ್ ಪರ್ಪಸ್. ಗುಂಡು ಹಾರಿಸಬಾರದು, ಕವಾಯತಿಗೆ ಮಾತ್ರ ಅಂತ ಪಕ್ಕಕ್ಕೆ ತೆಗೆದಿಟ್ಟ ರೈಫಲ್‌ಗೆ ಒತ್ತುವ ಮುದ್ರೆ. ಮಗನ ಕೆನ್ನೆಗೆ ಆನಿಸಿ ಹಿಡಿಯಲು ನಾನು ಕೊಡಲಿದ್ದದ್ದು ಅದು.

"ಇದರಿಂದ ಗುಂಡು ಹೊಡೆದಿದ್ದೀರಾ?" ಅಂತ ಕೇಳಿದರು. ಇಲ್ಲ ಅಂದೆ. "ಒಳ್ಳೇದಾಯ್ತು," ಅಷ್ಟೇ ಅಂದು ಬೋಲ್ಟ್ ಬಿಚ್ಚಿ ಬೇರೆಯಾಗಿ ನನ್ನ ಕೈಗಿಟ್ಟರು. ಆ ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾರಿನಲ್ಲಿ ಕೂತು ಹಳೇ ಫೋಟೋಗಳನ್ನೆಲ್ಲ ತೆಗೆದು ನೋಡಿದೆ. ಹನ್ನೊಂದು ಫೋಟೋ. ಹನ್ನೊಂದೂ ಬಲಮಗ್ಗುಲಿನದ್ದು. ಒಂದೇ ಒಂದು ಎಡದ್ದಿಲ್ಲ. ಐದು ತಿಂಗಳು ಆ ಫೋಟೋಗಳನ್ನು ನೋಡಿದ್ದೇನೆ, ಕಸಿನ್‌ಗಳಿಗೆಲ್ಲ ಕಳಿಸಿದ್ದೇನೆ, ಕಣ್ಣಿಗೆ ಬೀಳಲೇ ಇಲ್ಲ!

ಈಗ ಮಾರಿದವನ ಉತ್ತರಗಳು ಕೇಳಿ. ಮೊದಲ ಮೆಸೇಜ್‌ಗೆ: "ಹಳೇ ಮಿಲಿಟರಿ ಸಾಮಾನು ಎಲ್ಲ ಇದ್ದ ಹಾಗೇ ಮಾರೋದು, ನಿಮಗೆ ಗೊತ್ತಿರಬೇಕಿತ್ತು." ಮುದ್ರೆ ಅರ ಹಾಕಿ ತೆಗೆದಿದ್ದೀರಿ ಅಂದೆ. "ನನಗೆ ಬಂದಾಗಲೇ ಹಾಗಿತ್ತು." ಹಾಗಾದರೆ ಗೊತ್ತಿತ್ತು ಅಂತಾಯಿತಲ್ಲ ಅಂದೆ. ಎರಡು ದಿನ ಉತ್ತರ ಇಲ್ಲ. ಆಮೇಲೆ: "ನಾನು ಮಾರಿದ್ದು ಬಿಡಿಭಾಗ. ಅದನ್ನು ರೈಫಲ್ ಮಾಡಿಕೊಂಡಿದ್ದು ನೀವು." ಈ ಮಾತು ಓದಿ ಕೈ ನಡುಗಿತು ನನಗೆ. ಪ್ರತಿ ಸಲ ಅದೇ ರೈಫಲಿಂದು ಅಂದಿದ್ದಿರಲ್ಲ ಅಂತ ಅವನದೇ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಕಳಿಸಿದೆ. "ಅದೇ ಮಾದರಿಯ ರೈಫಲ್ ಅಂತ ನನ್ನ ಅರ್ಥ." ಕೊನೆಯದು: "ವರ್ಗಾವಣೆ ಮುಗಿದಿದೆ. ಗೋಡೆಗೆ ಚೆನ್ನಾಗಿ ಕಾಣುತ್ತೆ, ಎಂಜಾಯ್ ಮಾಡಿ." ಆಮೇಲೆ ಬ್ಲಾಕ್ ಮಾಡಿದ.

ನನ್ನ ಮಾತು ಇಷ್ಟೇ. ಕೊಳ್ಳೋದಾದರೆ ಪೂರ್ತಿ ರೈಫಲ್ ಕೊಳ್ಳಿ, ಕೈಯಲ್ಲಿ ಹಿಡಿದು, ಎರಡೂ ಮಗ್ಗುಲು ನೋಡಿ. ಐವತ್ತು ಡಾಲರ್ ಜಾಸ್ತಿ ಕೇಳಿದರೆ ಕೊಟ್ಟುಬಿಡಿ. ಜೋಡಿಸಲೇಬೇಕು ಅಂದರೆ, ಬೇಟೆಗೆ ಅಂತ ಮರ ಕತ್ತರಿಸಿದ ಆದರೆ ಬೋಲ್ಟ್, ರಿಸೀವರ್ ನಂಬರ್ ಒಂದೇ ಇರುವ ರೈಫಲ್ ಹಿಡಿಯಿರಿ. ಆಗ ಬರೀ ಮರದ ಚಿಂತೆ. ಡೀಲರ್ ಕೌಂಟರ್‌ನಲ್ಲಿ ಸಹಿ ಹಾಕುವ ಮೊದಲು ಬಣ್ಣ ದಪ್ಪಗಿರುವ ಕಡೆ ನೋಡಿ, ಅನುಮಾನ ಬಂದರೆ ಅಲ್ಲೇ ಬಿಟ್ಟು ಬನ್ನಿ. ಹಳೇ ರೈಫಲ್ ಯಾವುದೇ ಇರಲಿ, ಗೇಜ್ ಹಾಕಿಸದೆ ತೋಟಾ ತುಂಬಬೇಡಿ. ಡೆಟ್ರಾಯಿಟ್ ತಮ್ಮಾ, ಇದು ನಿನಗೇ ಬರೆದಿದ್ದು.

ಸೆಪ್ಟೆಂಬರ್ 3ಕ್ಕೆ ಪೂಜೆಗೆ ಇಟ್ಟಿದ್ದು ಒಡಿಕತ್ತಿ ಮಾತ್ರ. ಅಪ್ಪ ರೈಫಲ್ ಎಲ್ಲಿ ಅಂದರು. ರಿಪೇರಿಗೆ ಕೊಟ್ಟಿದ್ದೇನೆ ಅಂದೆ.

ನಿನ್ನೆ ಬೇರೆ ಅಕೌಂಟಿಂದ ನೋಡಿದೆ. ಅವನು ಹೊಸದೊಂದು ಹಾಕಿದ್ದಾನೆ: ಇಶಾಪುರ್ ರಿಸೀವರ್, ನಳಿಗೆ ಸಮೇತ, ಈ ಸಲ 1944, ಬೆಲೆ 310. ಒಂಬತ್ತು ಫೋಟೋ, ಎಲ್ಲವೂ ಬಲಮಗ್ಗುಲಿನದ್ದು.