ನಮ್ಮ ಶಿಂಗಲ್ ಸೂರು ಮತ್ತು ಅದರ ‘ಲೈಫ್‌ಟೈಮ್’ ವಾರಂಟಿ: ಹತ್ತು ವರ್ಷ ಬಳಸಿದ ಮೇಲೆ

ಟೆಕ್ಸಾಸ್‌ನ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ನಮ್ಮ ಮನೆ. 2015ರ ಏಪ್ರಿಲ್‌ನಲ್ಲಿ ಹಳೆಯ ಸೂರು ಕೀಳಿಸಿ ಹೊಸ ಆಸ್ಫಾಲ್ಟ್ ಶಿಂಗಲ್ ಹಾಕಿಸಿದೆವು. 28 ಸ್ಕ್ವೇರ್ ಆಯಿತು. ಅಮೆರಿಕದಲ್ಲಿ ಸೂರನ್ನು ಅಳೆಯುವುದೇ ಸ್ಕ್ವೇರ್ ಲೆಕ್ಕದಲ್ಲಿ. ಒಂದು ಸ್ಕ್ವೇರ್ ಅಂದರೆ 100 ಚದರ ಅಡಿ. ಒಟ್ಟು 10,800 ಡಾಲರ್ ಬಿತ್ತು. ಕೆಲಸ ಮುಗಿಸಿ ಹೊರಡುವಾಗ ಕಂಟ್ರಾಕ್ಟರ್ ಒಂದು ಮಿರಿಮಿರಿ ಫೋಲ್ಡರ್ ಕೈಗಿಟ್ಟ. "ಲೈಫ್‌ಟೈಮ್ ವಾರಂಟಿ ಇದೆ, ಇನ್ನು ಸೂರಿನ ಚಿಂತೆ ಬಿಡಿ" ಅಂದ. ಚಿಂತೆ ಬಿಟ್ಟೆ. ಫೋಲ್ಡರನ್ನು ಪಾಸ್‌ಪೋರ್ಟ್ ಇಡುವ ಡ್ರಾಯರಿಗೆ ಹಾಕಿ ಆರು ವರ್ಷ ಅದರ ಮುಖ ನೋಡಲಿಲ್ಲ.

ಶಿಂಗಲ್ ನೋಡದವರಿಗೆ ಎರಡು ಮಾತು. ಫೈಬರ್‌ಗ್ಲಾಸ್ ಹಾಳೆಗೆ ಡಾಂಬರಿನಂಥ ಆಸ್ಫಾಲ್ಟ್ ಬಳಿದು, ಮೇಲೆ ಬಣ್ಣದ ಕಲ್ಲಿನ ಹರಳು ಒತ್ತಿರುತ್ತಾರೆ. ಅಮ್ಮ ಶಿರಸಿಯಿಂದ ಬಂದಿದ್ದಾಗ ಮಿಕ್ಕ ತುಂಡೊಂದನ್ನು ಸವರಿ ನೋಡಿ, "ಇದೇನೋ ಮರಳು ಕಾಗದ ಇದ್ದ ಹಾಗಿದೆ, ಇದರ ಕೆಳಗೆ ಮಲಗ್ತೀರಾ?" ಅಂದಿದ್ದರು. ಊರಿನ ಮನೆಗೆ ಮಂಗಳೂರು ಹೆಂಚು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಆಳು ಬರುತ್ತಿದ್ದರು. ಒಡೆದದ್ದು ತೆಗೆದು ಬೇರೆಯದು ಇಟ್ಟರೆ ಮುಗಿಯಿತು. ಅಲ್ಲಿ ವಾರಂಟಿ ಅನ್ನುವ ಮಾತೇ ಇರಲಿಲ್ಲ.

ಇನ್ನು ನಮ್ಮ ವಾರಂಟಿಯ ವಿಷಯ. ನನ್ನ ಶಿಂಗಲ್ ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಈ ಕಾಗದಗಳ ಎಲುಬುಗೂಡು ಎಲ್ಲೆಡೆ ಹೆಚ್ಚುಕಮ್ಮಿ ಒಂದೇ.

ಮೊದಲು ‘ಲೈಫ್‌ಟೈಮ್’. ಯಾರ ಲೈಫು? ಸೂರಿನದು ಅಂದುಕೊಂಡಿದ್ದೆ. ಅಲ್ಲ. ಹಾಕಿಸಿದ ಮೊದಲ ಮಾಲೀಕ ಆ ಮನೆಯ ಒಡೆಯನಾಗಿ ಇರುವಷ್ಟು ಕಾಲ ಅಂತ ಅರ್ಥ. ಅದೂ ಒಂದೇ ಕುಟುಂಬದ ಬಿಡಿ ಮನೆಗೆ. ದೇವಸ್ಥಾನ, ಚರ್ಚ್, ಕಂಪನಿ ಹೆಸರಿನ ಕಟ್ಟಡಗಳಿಗೆ ಲೈಫ್‌ಟೈಮ್ ಇಲ್ಲ, ಇಷ್ಟು ವರ್ಷ ಅಂತ ಗಡುವು ಇರುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಮೊದಲ ಹತ್ತು ವರ್ಷದ್ದು. ದೊಡ್ಡ ಕಂಪನಿಗಳ ದಪ್ಪ ಶಿಂಗಲ್‌ಗಳಿಗೆ ಸಾಮಾನ್ಯವಾಗಿ ಮೊದಲ ಹತ್ತು ವರ್ಷವೇ ಪೂರ್ತಿ ರಕ್ಷಣೆ. ಜಿಎಎಫ್ ಅದಕ್ಕೆ ಸ್ಮಾರ್ಟ್ ಚಾಯ್ಸ್ ಅನ್ನುತ್ತದೆ, ಸರ್ಟನ್‌ಟೀಡ್ ಶೂರ್‌ಸ್ಟಾರ್ಟ್ ಅನ್ನುತ್ತದೆ. ಆ ಅವಧಿಯಲ್ಲಿ ಶಿಂಗಲ್ಲೇ ಕೆಟ್ಟದ್ದು ಅಂತ ಸಾಬೀತಾದರೆ ಹೊಸ ಶಿಂಗಲ್ ಮತ್ತು ಹಾಕುವ ಕೂಲಿ ಸಿಗುತ್ತದೆ. ಹಳೆಯದನ್ನು ಕಿತ್ತು ಸಾಗಿಸುವ ಖರ್ಚು ಸಾದಾ ವಾರಂಟಿಯಲ್ಲಿ ಬರುವುದಿಲ್ಲ. ಕಂಪನಿಯ ಸರ್ಟಿಫಿಕೇಟ್ ಇರುವ ಕಂಟ್ರಾಕ್ಟರ್ ಮೂಲಕ ಜಾಸ್ತಿ ದುಡ್ಡು ಕೊಟ್ಟು ದೊಡ್ಡ ವಾರಂಟಿ ತಗೊಂಡರೆ ಬರಬಹುದು. ನಾನು ತಗೊಂಡಿರಲಿಲ್ಲ. ಹಾಗೊಂದು ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಹತ್ತು ವರ್ಷ ದಾಟಿದ ಮೇಲೆ ಸವಕಳಿ ಶುರು. ನನ್ನ ಕಾಗದದಲ್ಲಿ 480 ತಿಂಗಳ ಲೆಕ್ಕ ಇದೆ. ಸೂರಿಗೆ ಎಷ್ಟು ತಿಂಗಳಾಯಿತೋ ಅಷ್ಟು ಪಾಲು ಕಳೆಯುತ್ತಾರೆ. ಇಪ್ಪತ್ತು ವರ್ಷಕ್ಕೆ 240 ತಿಂಗಳು, ಅಂದರೆ ಅರ್ಧ. ಯಾವುದರ ಅರ್ಧ? ಬರೀ ಶಿಂಗಲ್ ಬೆಲೆಯ ಅರ್ಧ. ನನ್ನ ಬಿಲ್‌ನಲ್ಲಿ ಶಿಂಗಲ್ ಬಾಬ್ತು 3,400 ಡಾಲರ್ ಇತ್ತು, ಮಿಕ್ಕಿದ್ದೆಲ್ಲ ಕೂಲಿ, ಕಸ ಸಾಗಣೆ, ಒಳಹಾಳೆ, ತಗಡು. ಹಾಗಾಗಿ ಇಪ್ಪತ್ತನೇ ವರ್ಷ ಇಡೀ ಸೂರು ಹಾಳಾದರೂ ಕೈಗೆ ಬರುವುದು 1,700. ಅಷ್ಟು ಹೊತ್ತಿಗೆ ಹೊಸ ಸೂರಿಗೆ ಎಷ್ಟಾಗಿರುತ್ತದೋ ನೀವೇ ಊಹಿಸಿ. 2025ರ ಏಪ್ರಿಲ್‌ಗೆ ನಮ್ಮದು ಹತ್ತು ವರ್ಷ ತುಂಬಿತು. ಆ ದಿನ ಯಾಕೋ ಫೋಲ್ಡರ್ ತೆಗೆದು ಇನ್ನೊಮ್ಮೆ ಓದಿದೆ.

ವಾರಂಟಿ ಕೆಲಸಕ್ಕೆ ಬಂದದ್ದೂ ಉಂಟು. 2021ರಲ್ಲಿ ಉತ್ತರದ ಇಳಿಜಾರಿನಲ್ಲಿ ಕಪ್ಪು ಗೆರೆಗಳು ಇಳಿಯತೊಡಗಿದವು. ಮಸಿ ಸುರಿದ ಹಾಗೆ. ಅದು ಕೊಳೆಯಲ್ಲ, ಗ್ಲಿಯೋಕ್ಯಾಪ್ಸಾ ಮ್ಯಾಗ್ಮಾ ಅನ್ನುವ ಪಾಚಿ. ಶಿಂಗಲ್‌ನೊಳಗೆ ತುಂಬುವ ಸುಣ್ಣಕಲ್ಲಿನ ಪುಡಿ ತಿಂದು ಬೆಳೆಯುತ್ತದೆ ಅನ್ನುತ್ತಾರೆ. ಹ್ಯೂಸ್ಟನ್‌ನ ಸೆಕೆ, ತೇವ ಅದಕ್ಕೆ ಹೇಳಿಮಾಡಿಸಿದ ಜಾಗ. ನನ್ನ ಶಿಂಗಲ್‌ನಲ್ಲಿ ತಾಮ್ರದ ಲೇಪದ ಹರಳು ಇದ್ದದ್ದರಿಂದ ಪಾಚಿಗೆ ಬೇರೆಯೇ ಹತ್ತು ವರ್ಷದ ವಾರಂಟಿ ಇತ್ತು. ಬಿಲ್ ಕಾಪಿ, ನಾಲ್ಕು ದಿಕ್ಕಿನ ಫೋಟೋ, ಅರ್ಜಿ ಕಳಿಸಿದೆ. ಐದು ವಾರಕ್ಕೆ ಉತ್ತರ ಬಂತು, ಒಪ್ಪಿದರು. ತೊಳೆಸಲು 400 ಡಾಲರ್ ಆಗಿತ್ತು, ಹತ್ತರಲ್ಲಿ ಆರು ವರ್ಷ ಕಳೆದಿದ್ದರಿಂದ 160ರ ಚೆಕ್ ಬಂತು. ಸಣ್ಣ ಮೊತ್ತವೇ. ಆದರೂ ಜಗಳವಿಲ್ಲದೆ ಬಂತು, ಅಷ್ಟಕ್ಕೆ ಖುಷಿಪಟ್ಟೆ. ತೊಳೆಸುವುದಾದರೆ ಬ್ಲೀಚು, ನೀರು ಬೆರೆಸಿ ಮೆಲ್ಲಗೆ ತೊಳೆಸಿ. ಪ್ರೆಷರ್ ವಾಷರ್ ಹೊಡೆದರೆ ಹರಳು ಉದುರುತ್ತದೆ, ಆಮೇಲೆ ವಾರಂಟಿ ಕೇಳಲು ಹೋಗಲೇಬೇಡಿ.

ನಿಜವಾದ ಪರೀಕ್ಷೆ ಬಂದದ್ದು 2024ರ ಜುಲೈ 8ಕ್ಕೆ. ಬೆಳಗಿನ ಜಾವ ಬೆರಿಲ್ ಚಂಡಮಾರುತ ಮ್ಯಾಟಗೋರ್ಡಾ ಹತ್ತಿರ ದಡ ಮುಟ್ಟಿ ನೇರ ನಮ್ಮ ಕಡೆಗೇ ಬಂತು. ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ವಿಮಾನ ನಿಲ್ದಾಣಗಳಲ್ಲಿ ಬಿರುಗಾಳಿ ಗಂಟೆಗೆ 80 ಮೈಲಿ ದಾಟಿತ್ತು. ಗಾಳಿ ನಿಂತ ಮೇಲೆ ಅಂಗಳಕ್ಕೆ ಬಂದರೆ ಹುಲ್ಲಿನ ಮೇಲೆ ನಮ್ಮದೇ ಶಿಂಗಲ್‌ಗಳು, ಹಪ್ಪಳ ಒಣಹಾಕಿದ ಹಾಗೆ. ಎಣಿಸಿದೆ. 43.

ರಿಪೇರಿ ಅಂದಾಜು 2,900 ಡಾಲರ್ ಬಂತು. ಮನೆ ಇನ್ಶೂರೆನ್ಸ್ ಇದೆಯಲ್ಲ ಅಂದಿರಾ? ನನ್ನ ಪಾಲಿಸಿಯಲ್ಲಿ ಗಾಳಿ, ಆಲಿಕಲ್ಲಿಗೆ ಮನೆಯ ವಿಮಾ ಮೊತ್ತದ 2 ಶೇಕಡಾ ನಾವೇ ಭರಿಸಬೇಕು, ಅದಕ್ಕೆ ಡಿಡಕ್ಟಿಬಲ್ ಅನ್ನುತ್ತಾರೆ. 3,80,000ಕ್ಕೆ ಅದು 7,600. ಅಂದರೆ ಇನ್ಶೂರೆನ್ಸ್‌ನಿಂದ ಸೊನ್ನೆ. ಚಂಡಮಾರುತದ ಮರುವಾರ ಬಾಗಿಲು ಬಡಿದ ಒಬ್ಬ ರೂಫರ್ (ಸೂರು ಹಾಕುವವ), "ಡಿಡಕ್ಟಿಬಲ್ ನಾವೇ ನೋಡ್ಕೊಳ್ತೀವಿ" ಅಂದ. ಟೆಕ್ಸಾಸ್‌ನಲ್ಲಿ 2019ರ ಸೆಪ್ಟೆಂಬರ್‌ನಿಂದ ಅದು ಕಾನೂನಿಗೆ ವಿರುದ್ಧ. ಕೈಮುಗಿದು ಕಳಿಸಿದೆ.

ಆಗ ಫೋಲ್ಡರ್ ನೆನಪಾಯಿತು. ಗಾಳಿಗೆ ಹದಿನೈದು ವರ್ಷದ ವಾರಂಟಿ ಇತ್ತು. ಸಾದಾ ಕೆಲಸಕ್ಕೆ 110 ಮೈಲಿ. ಅಂಚಿಗೆ ಕಂಪನಿಯದೇ ಸ್ಟಾರ್ಟರ್ ಪಟ್ಟಿ, ಸೂರಿನ ನೆತ್ತಿಗೆ ಕಂಪನಿಯದೇ ಮುಡಿಯ ಶಿಂಗಲ್ ಹಾಕಿ, ಒಂದೊಂದಕ್ಕೂ ಆರು ಮೊಳೆ ಹೊಡೆದಿದ್ದರೆ 130. ಬೀಸಿದ್ದು ಎಂಬತ್ತು ಚಿಲ್ಲರೆ. ಗೆದ್ದೆ ಅಂದುಕೊಂಡೆ.

ನಷ್ಟ ಕಂಡ 30 ದಿನದೊಳಗೆ ತಿಳಿಸಬೇಕು ಅಂತಿತ್ತು, ತಿಳಿಸಿದೆ. ಎರಡು ಪೂರ್ತಿ ಶಿಂಗಲ್ ಸ್ಯಾಂಪಲ್ ಕೇಳಿದರು, ಕಳಿಸಿದೆ. ಆಮೇಲೆ ಒಬ್ಬರು ಪರೀಕ್ಷಿಸಲು ಬಂದರು. ಒಳ್ಳೆಯ ಮನುಷ್ಯ. ಏಣಿ ಹತ್ತಿ ಉಳಿದಿದ್ದ ಶಿಂಗಲ್ ಒಂದನ್ನು ಮೆಲ್ಲಗೆ ಎತ್ತಿ ನನ್ನನ್ನೂ ಕರೆದು ತೋರಿಸಿದರು. ಶಿಂಗಲ್ ಮೇಲೆ ಮೊಳೆ ಹೊಡೆಯಲು ಒಂದು ಗೆರೆ ಇರುತ್ತದೆ. ಅಲ್ಲಿ ಎರಡು ಪದರ ಒಂದರ ಮೇಲೊಂದು ಕೂತಿರುತ್ತವೆ. ಆ ಗೆರೆಯಲ್ಲಿ ಹೊಡೆದರೆ ಒಂದೇ ಮೊಳೆ ಈ ಶಿಂಗಲ್ಲನ್ನೂ ಕೆಳಗಿನದರ ತುದಿಯನ್ನೂ ಹಿಡಿಯುತ್ತದೆ. ನಮ್ಮ ಮೊಳೆಗಳೆಲ್ಲ ಗೆರೆಗಿಂತ ಒಂದಿಂಚು, ಒಂದೂವರೆ ಇಂಚು ಮೇಲೆ. ಅದೂ ನಾಲ್ಕೇ. ಕೆಳಗಿನ ಸಾಲನ್ನು ಹಿಡಿದದ್ದು ಬರೀ ಅಂಟು. ಗನ್ ಹಿಡಿದು ಬೇಗ ಬೇಗ ಹೊಡೆಯುವವರು ಬೆನ್ನು ಬಗ್ಗಿಸುವ ಬದಲು ಹೀಗೆ ಮೇಲೆ ಹೊಡೆದು ಹೋಗುತ್ತಾರಂತೆ. ಸೂರು ಹಾಕಿದ ದಿನ ನಾನು ಮನೆಯಲ್ಲೇ ಇದ್ದೆ. ಅವರಿಗೆ ನಿಂಬೆಹಣ್ಣಿನ ಪಾನಕ ಬೇರೆ ಮಾಡಿಕೊಟ್ಟಿದ್ದೆ.

ಮೂರು ವಾರಕ್ಕೆ ಪತ್ರ ಬಂತು. ಶಿಂಗಲ್‌ನಲ್ಲಿ ತಯಾರಿಕೆಯ ದೋಷ ಇಲ್ಲ, ಹಾಕಿದ್ದು ಕ್ರಮ ತಪ್ಪಿದೆ, ಕ್ಲೇಮ್ ತಿರಸ್ಕೃತ. ಬೈಯೋಣ ಅಂದರೆ ಕಾಗದದಲ್ಲಿ ಅದನ್ನು ಮೊದಲೇ ಬರೆದಿದ್ದರು. ಕಂಪನಿ ಹೊಣೆ ಹೊರುವುದು ತಾನು ಮಾಡಿದ ಶಿಂಗಲ್‌ಗೆ. ಸೂರು ಹೊದಿಸಿದ ಕೆಲಸಕ್ಕೆ ಕಂಟ್ರಾಕ್ಟರ್ ಹೊಣೆ. ಆ ಕೆಲಸದ ವಾರಂಟಿ ಬೇರೆ ಚೀಟಿಯಲ್ಲಿತ್ತು, ಐದು ವರ್ಷ. 2020ಕ್ಕೇ ಮುಗಿದಿತ್ತು. ಫೋನ್ ಮಾಡಿದರೆ ಆ ನಂಬರೇ ಚಾಲ್ತಿಯಲ್ಲಿಲ್ಲ. ಟೆಕ್ಸಾಸ್‌ನಲ್ಲಿ ರೂಫರ್ ಆಗಲು ರಾಜ್ಯದ ಲೈಸೆನ್ಸ್ ಬೇಕಿಲ್ಲ ಅನ್ನುವುದು ನನಗೆ ಗೊತ್ತಾದದ್ದೂ ಆವತ್ತೇ. ಕೂದಲು ಕತ್ತರಿಸುವವನಿಗೆ ಬೇಕು, ಸೂರು ಹಾಕುವವನಿಗೆ ಬೇಡ!

ಇದೇ ಬೀದಿಯಲ್ಲಿರುವ ತುಮಕೂರಿನ ಗೆಳೆಯನದು ಇನ್ನೊಂದು ಕಥೆ. 2019ರಲ್ಲಿ ಬೇರೆಯವರಿಂದ ಮನೆ ಕೊಂಡರು. ವಾರಂಟಿಯನ್ನು ಒಂದೇ ಸಲ, ಅದೂ ಕೊಂಡ ಒಂದು ವರ್ಷದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಯಾರೂ ಹೇಳಲಿಲ್ಲ, ಅವರು ಕೇಳಲಿಲ್ಲ. ಈಗ ಅವರ ಸೂರಿಗೆ ವಾರಂಟಿಯೇ ಇಲ್ಲ. ಹಳೆಯ ಮನೆ ಕೊಳ್ಳುವವರು ಸೂರಿನ ಬಿಲ್ಲು, ತಾರೀಖು, ಶಿಂಗಲ್ ಹೆಸರು ಮೊದಲೇ ಕೇಳಿ ಇಟ್ಟುಕೊಳ್ಳಿ.

ಅಟ್ಟದ ಗಾಳಿಯಾಟವನ್ನೂ ನೋಡುತ್ತಾರೆ. ಅಟ್ಟದ ನೆಲ 150 ಚದರ ಅಡಿ ಇದ್ದರೆ ಒಂದು ಚದರ ಅಡಿ ಗಾಳಿಕಿಂಡಿ ಬೇಕು ಅನ್ನುವುದು ವಾಡಿಕೆಯ ನಿಯಮ. ಮೇಲೂ ಕೆಳಗೂ ಸಮನಾಗಿ ಹಂಚಿದ್ದರೆ 300ಕ್ಕೆ ಒಂದು ಸಾಕು. ಅಷ್ಟಿಲ್ಲದೆ ಶಿಂಗಲ್ ಬೆಂದು ಮುದುಡಿದರೆ ಅದೂ ನಿಮ್ಮ ತಪ್ಪೇ. ಆಲಿಕಲ್ಲಂತೂ ವಾರಂಟಿಗೆ ಸಂಬಂಧವೇ ಇಲ್ಲ. ಕ್ಲಾಸ್ 4 ಶಿಂಗಲ್ ಅಂತ ಮಾರುತ್ತಾರಲ್ಲ, ಎರಡಿಂಚಿನ ಉಕ್ಕಿನ ಗುಂಡನ್ನು 20 ಅಡಿ ಮೇಲಿಂದ ಬೀಳಿಸಿ ಪರೀಕ್ಷೆ ಮಾಡಿರುತ್ತಾರೆ. ಇನ್ಶೂರೆನ್ಸ್ ಕಂತು ಸ್ವಲ್ಪ ಇಳಿಯಬಹುದು. ಹಾಗಂತ ಆಲಿಕಲ್ಲಿಗೆ ಶಿಂಗಲ್ ಕಂಪನಿ ದುಡ್ಡು ಕೊಡುತ್ತದೆ ಅಂದುಕೊಳ್ಳಬೇಡಿ.

ಅಂಕ ಕೊಡಲೇಬೇಕು ಅಂದರೆ ಶಿಂಗಲ್‌ಗೆ ಐದಕ್ಕೆ ನಾಲ್ಕು. ಹರಳು ಇನ್ನೂ ಗಟ್ಟಿಯಾಗಿದೆ, ಒಂದು ಹನಿ ಸೋರಿಲ್ಲ. ವಾರಂಟಿಗೆ ಎರಡೂವರೆ. ಆ ಅರ್ಧ ಪಾಚಿಯ ಚೆಕ್‌ಗೆ. ‘ಲೈಫ್‌ಟೈಮ್’ ಅನ್ನುವ ಪದಕ್ಕೆ ಸೊನ್ನೆ. ಮತ್ತೆ ಸೂರು ಹಾಕಿಸುವ ಕಾಲ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ ಕೆಲಸದ ವಾರಂಟಿ ಎಷ್ಟು ವರ್ಷ, ಅದನ್ನು ಕೊಡುವವನು ಈ ಊರಿನಲ್ಲಿ ಎಷ್ಟು ವರ್ಷದಿಂದ ಇದ್ದಾನೆ ಅನ್ನುವುದು.

ರಿಪೇರಿಯನ್ನು ಕೊನೆಗೆ ಕೈಯಿಂದ ದುಡ್ಡು ಹಾಕಿಯೇ ಮಾಡಿಸಿದೆ. ಈ ಸಲ ಏಣಿಯ ಕೆಳಗೇ ನಿಂತು ಮೊಳೆ ಎಣಿಸಿದೆ, ಸಾಲು ಸಾಲಿನ ಫೋಟೋ ತೆಗೆದೆ. ಕೆಲಸದವ ನಕ್ಕ. ನಮ್ಮ ಹಳೆಯ ಬಣ್ಣವನ್ನು ಕಂಪನಿ ನಿಲ್ಲಿಸಿತ್ತು, ಬಣ್ಣ ಹೊಂದುವ ಭರವಸೆ ಇಲ್ಲ ಅಂತ ಕಾಗದದಲ್ಲೂ ಇತ್ತು. ಹತ್ತಿರದ್ದು ಹುಡುಕಿ ಹಾಕಿಸಿದೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಂಗಳದ ದಾಸವಾಳ ತೋರಿಸುತ್ತಿದ್ದೆ. ಅಮ್ಮನ ಕಣ್ಣು ಹೂವಿನ ಮೇಲೆ ಇರಲಿಲ್ಲ. "ಅದೇನೋ ಮಾಡಿನ ಮೇಲೆ, ತೇಪೆ ಹಾಕಿಸಿದ್ದೀಯಾ?" ಅಂದರು.