ಸಾಗರದಿಂದ ತೀರ್ಥಹಳ್ಳಿಗೆ ಒಂದು ದಿನದ ಬಾಡಿಗೆ ಕಾರು: ಡ್ರೈವರಿಗೆ ಐದು ಸ್ಟಾರ್, ಮಾಲೀಕರಿಗೆ ಎರಡು

ಮೊದಲೇ ಹೇಳಿಬಿಡುತ್ತೇನೆ. ಕಾರು ಚೆನ್ನಾಗಿತ್ತು, ಎಸಿ ಕೆಲಸ ಮಾಡುತ್ತಿತ್ತು, ಡ್ರೈವರ್ ಬಂಗಾರದಂಥ ಮನುಷ್ಯ. ಜಗಳ ಆಗಿದ್ದು ಕೊನೆಯಲ್ಲಿ, ಬಿಲ್ಲಿನ ವಿಷಯಕ್ಕೆ. ಆ ಟ್ರಾವೆಲ್ಸ್ ಹೆಸರು ಇಲ್ಲಿ ಹಾಕುವುದಿಲ್ಲ. ಸಾಗರದಲ್ಲಿ ಅಂಥವು ಬೇಕಾದಷ್ಟಿವೆ, ಮತ್ತೆ ನಮಗಾದ ತೊಂದರೆ ಎಲ್ಲ ಊರಲ್ಲೂ ಆಗುವಂಥದ್ದೇ.

ನಾವು ಹೋಗಿದ್ದು ಜೋಗಕ್ಕೆ ಅಲ್ಲ. ಇದನ್ನು ಫೋನಿನಲ್ಲಿ ಹೇಳಿದಾಗ ಮಾಲೀಕರಿಗೆ ಅರ್ಥವೇ ಆಗಲಿಲ್ಲ. "ಜೋಗ ಬೇಡ್ವಾ? ಇಕ್ಕೇರಿ? ಕೆಳದಿ? ಮತ್ತೆ ಎಂತ ನೋಡ್ತೀರಿ ಮಾರಾಯ್ರೆ?" ಅಂದರು. ಅಪ್ಪನಿಗೆ ನೋಡಬೇಕಾಗಿದ್ದು ಹಳೆಯ ಸೋಷಲಿಸ್ಟ್ ನಾಯಕ ಶಾಂತವೇರಿ ಗೋಪಾಲಗೌಡರ ಊರುಗಳು. ಕಾಗೋಡು, ಆರಗ, ತೀರ್ಥಹಳ್ಳಿ. ಅಪ್ಪನಿಗೆ ಈಗ 74. ಹುಡುಗನಾಗಿದ್ದಾಗ, 1967ರ ಚುನಾವಣೆಯಲ್ಲಿ, ಶಿವಮೊಗ್ಗದಲ್ಲಿ ಗೌಡರ ಭಾಷಣಕ್ಕೆ ಹೋಗಿದ್ದರಂತೆ. ಸೈಕಲ್ ಕ್ಯಾರಿಯರ್ ಮೇಲೆ ಹತ್ತಿ ನಿಂತು ನೋಡಿದ ಕಥೆಯನ್ನು ನಾನು ಕಡಿಮೆ ಅಂದರೂ ನೂರು ಸಲ ಕೇಳಿದ್ದೇನೆ. ಏನು ಮಾತಾಡಿದರು ಅಂತ ಕೇಳಿದರೆ ಮಾತ್ರ, "ಮೈಕ್ ಕೆಟ್ಟಿತ್ತು ಕಣೋ, ಹಿಂದೆ ಏನೂ ಕೇಳಿಸಲಿಲ್ಲ" ಅನ್ನುತ್ತಾರೆ.

ರಾತ್ರಿ ಬೆಂಗಳೂರಲ್ಲಿ ರೈಲು ಹತ್ತಿದರೆ ಬೆಳಿಗ್ಗೆ ಸಾಗರ. ಡ್ರೈವರ್ ಸ್ಟೇಷನ್ನಿಗೇ ಬಂದಿದ್ದರು, ಹೇಳಿದ್ದಕ್ಕಿಂತ ಹತ್ತು ನಿಮಿಷ ಮುಂಚೆ. ಅಪ್ಪನ ಬ್ಯಾಗು ಎತ್ತಿಕೊಂಡವರೇ ಕೇಳಿದರು, "ಅಜ್ಜಾರೇ, ಲೋಹಿಯಾರನ್ನ ಪೊಲೀಸ್ರು ಹಿಡಿದಿದ್ದು ಇಲ್ಲೇ, ಗೊತ್ತಲ್ಲ?" ಅಷ್ಟೇ. ಅಲ್ಲಿಂದ ಮುಂದೆ ಇಡೀ ದಿನ ನನಗೆ ಕಾರಿನಲ್ಲಿ ಕೆಲಸವೇ ಇರಲಿಲ್ಲ. ಮುಂದಿನ ಸೀಟಿನಲ್ಲಿ ಅವರಿಬ್ಬರು, ಹಿಂದೆ ನಾನು ಮತ್ತು ಚಕ್ಕುಲಿ ಪ್ಯಾಕೆಟ್ಟು.

ಸೋಷಲಿಸ್ಟ್ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಸಾಗರಕ್ಕೆ ಯಾಕೆ ಬಂದಿದ್ದರು ಅನ್ನುವುದು ಗೊತ್ತಾಗಬೇಕಾದರೆ ಕಾಗೋಡಿಗೆ ಹೋಗಬೇಕು. ಹೋದರೂ ಕಣ್ಣಿಗೆ ಕಾಣುವುದು ಗದ್ದೆ ಮತ್ತು ತೋಟ ಅಷ್ಟೆ. ಅಲ್ಲಿ ನಿಂತು ಫೋಟೊ ಹೊಡೆದು ಸ್ಟೇಟಸ್ ಹಾಕಿದರೆ, ಇದೆಂತ ಗದ್ದೆ ಫೋಟೊ ಅಂತ ಕೇಳುತ್ತಾರೆ. ನನ್ನ ತಂಗಿ ಕೇಳಿದಳು ಕೂಡ. 1951ರ ಏಪ್ರಿಲ್‌ನಲ್ಲಿ ಇಲ್ಲಿ ಗೇಣಿದಾರರು, ಅಂದರೆ ಒಡೆಯರ ಗದ್ದೆ ಉತ್ತು ಗೇಣಿ ಅಳೆಯುವ ರೈತರು, ನೇಗಿಲು ಹೊತ್ತು ಗದ್ದೆಗೆ ಇಳಿದರು, ಪೊಲೀಸರು ಹಿಡಿದರು, ಮರುದಿನ ಇನ್ನೊಂದು ತಂಡ ಇಳಿಯಿತು. ಅವರನ್ನು ಒಟ್ಟು ಮಾಡಿದವರು ರೈತ ಮುಖಂಡ ಗಣಪತಿಯಪ್ಪ. ಸೋಷಲಿಸ್ಟ್ ಪಾರ್ಟಿ ಜೊತೆಗೆ ಬಂತು, ಗೋಪಾಲಗೌಡರು ಬಂದರು, ಜೂನ್‌ನಲ್ಲಿ ಲೋಹಿಯಾ ಬಂದು ಅರೆಸ್ಟ್ ಆದರು. ದೇಶಕ್ಕೆಲ್ಲ ಸುದ್ದಿ ಆಯಿತು.

ಗೇಣಿದಾರರ ಆ ಜಗಳದ ಮೂಲ ಒಂದು ಕೊಳಗ. ಭತ್ತ ಅಳೆಯುವ ಕೊಳಗ. ಒಡೆಯರು ಬೇರೆಯವರಿಗೆ ಅಳೆದು ಕೊಡುವಾಗ ಒಂದು ಕೊಳಗ, ಗೇಣಿ ಅಳೆದುಕೊಳ್ಳುವಾಗ ಅದಕ್ಕಿಂತ ದೊಡ್ಡ ಕೊಳಗ. ಲೆಕ್ಕದಲ್ಲಿ ಎರಡೂ ಒಂದೇ! ಡ್ರೈವರ್ ಇದನ್ನು ಸ್ಟೀರಿಂಗ್ ಬಿಟ್ಟು ಎರಡೂ ಕೈಯಲ್ಲಿ ಅಳೆದು ತೋರಿಸಿದರು. ಕಾರು ನಿಂತಿತ್ತು, ಗಾಬರಿ ಬೇಡ. ಈ ಕೊಳಗವನ್ನು ನೆನಪಿಟ್ಟುಕೊಂಡಿರಿ, ಬಿಲ್ಲು ಬರೆಯುವಾಗ ಬೇಕಾಗುತ್ತದೆ.

ಕಾಗೋಡಿನಲ್ಲಿ ಅಪ್ಪ ಒಂದು ಮಾತು ಹೇಳಿದರು, ಅದು ನನಗೆ ಹೊಸದು. ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1951ರ ಜುಲೈ 13ಕ್ಕೆ. ಅಂದರೆ ಇಲ್ಲಿ ಗೇಣಿದಾರರು ಜೈಲಿಗೆ ಹೋದ ವರ್ಷವೇ, ಮೂರು ತಿಂಗಳೂ ಆಗಿರಲಿಲ್ಲ. ಇವತ್ತು ವಿಧಾನಸೌಧದ ಹತ್ತಿರದ ಸರ್ಕಲ್ಲಿಗೆ ಗೋಪಾಲಗೌಡರ ಹೆಸರು. ಆ ಸಿಗ್ನಲ್‌ನಲ್ಲಿ ನಾನು ವಾರಕ್ಕೆ ಐದು ದಿನ ನಿಲ್ಲುತ್ತೇನೆ. ಯಾರು ಈ ಗೋಪಾಲಗೌಡ ಅಂತ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಒಬ್ಬರು ಬಿಲ್ಡರ್ ಇರಬೇಕು ಅಂದುಕೊಂಡಿದ್ದರು, ನಿಜವಾಗಲೂ.

ಸಾಗರ ದಾಟಿ ತೀರ್ಥಹಳ್ಳಿ ಕಡೆ ಹೊರಟ ಮೇಲೆ ಡ್ರೈವಿಂಗ್ ಬಗ್ಗೆ ಹೇಳಬೇಕು. ತಿರುವುಗಳಲ್ಲಿ ಹಾರ್ನ್ ಹೊಡೆದೇ ತಿರುಗಿಸುತ್ತಾರೆ, ಓವರ್‌ಟೇಕಿನ ಹುಚ್ಚಿಲ್ಲ, ಫೋನ್ ಬಂದರೆ ಪಕ್ಕಕ್ಕೆ ಹಾಕಿ ಮಾತಾಡುತ್ತಾರೆ. ಅಪ್ಪನಿಗೆ ಪದೇ ಪದೇ ಇಳಿಯಬೇಕು, ವಯಸ್ಸು ನೋಡಿ. ಅದಕ್ಕೂ ಒಂದು ಸಲ ಮುಖ ಗಂಟು ಹಾಕಲಿಲ್ಲ, ಚೊಕ್ಕಟವಾದ ಜಾಗ ನೋಡಿ ನಿಲ್ಲಿಸಿದರು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ಹಾಡು ಹಾಕಲೇ ಇಲ್ಲ. ಹಾಕುವುದಕ್ಕೆ ಮಾತು ನಿಂತರೆ ತಾನೆ.

ಮಾತು ಪೂರ್ತಿ 1952ರ ಚುನಾವಣೆ. ಗೌಡರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಹುಟ್ಟಿದ್ದು 1923ರ ಮಾರ್ಚ್ 14ಕ್ಕೆ. ಓದುವ ಹೊತ್ತಿನಲ್ಲೇ 1942ರ ಚಳವಳಿಗೆ ಇಳಿದು ಜೈಲು ಕಂಡವರು. ಕೈಯಲ್ಲಿ ಕಾಸಿಲ್ಲ. ಎದುರಿಗೆ ಕಾಂಗ್ರೆಸ್. ಅದಕ್ಕೆ 'ಒಂದು ಓಟು, ಒಂದು ನೋಟು' ಅಂತ ಜನರ ಹತ್ತಿರವೇ ದುಡ್ಡು ಕೇಳಿದರು. ಅಂದರೆ ಓಟಿಗೆ ದುಡ್ಡು ಕೊಡುವುದಲ್ಲ, ಓಟಿನ ಜೊತೆಗೆ ದುಡ್ಡನ್ನೂ ಇಸಕೊಳ್ಳುವುದು! ನಮ್ಮ ವಾರ್ಡಿನಲ್ಲಿ ಹೋದ ಸಲ ಕುಕ್ಕರ್ ಹಂಚಿದರು, ಅದರ ಸೀಟಿ ಮೂರೇ ತಿಂಗಳಿಗೆ ಹೋಯಿತು, ಅದು ಬೇರೆ ರಿವ್ಯೂ. ಸಾಗರ-ಹೊಸನಗರದ ಜನ ಓಟು, ನೋಟು ಎರಡೂ ಕೊಟ್ಟು ಗೆಲ್ಲಿಸಿದರು. 99 ಜನರ ಸದನದಲ್ಲಿ ಕಾಂಗ್ರೆಸ್ಸಿನವರು 74, ಸೋಷಲಿಸ್ಟರು ಮೂರೇ ಮೂರು. ಮೂರು ಜನ ಇಟ್ಟುಕೊಂಡು ಏನು ಮಾಡಿದರು ಅಂತ ನಾನು ಹಿಂದಿನಿಂದ ಕೇಳಿದೆ. ಅಪ್ಪ ತಿರುಗಿ ನೋಡಿದ ರೀತಿಗೆ ಮತ್ತೆ ಚಕ್ಕುಲಿ ತಿನ್ನುವುದೇ ವಾಸಿ ಅನ್ನಿಸಿತು.

1957ರಲ್ಲಿ ಸೋತರು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಮಂತ್ರಿ ಆಗಲಿಲ್ಲ, ಆಡಳಿತ ಪಕ್ಷದ ಬೆಂಚಿನಲ್ಲಿ ಒಂದು ದಿನವೂ ಕೂರಲಿಲ್ಲ. 1967ರ ಸದನದಲ್ಲಿ ಅವರ ಪಾರ್ಟಿ, ಸಂಯುಕ್ತ ಸೋಷಲಿಸ್ಟ್ ಪಾರ್ಟಿ, 216ರಲ್ಲಿ ಆರು ಜನ. ಆ ಸಲವೇ ಸೊರಬದಿಂದ ಬಂಗಾರಪ್ಪ ಬಂದರು, ಶಿವಮೊಗ್ಗದಿಂದ ಲೋಕಸಭೆಗೆ ಜೆ.ಎಚ್. ಪಟೇಲರು ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದರು. ಗೌಡರ ಜೊತೆಯಲ್ಲಿ ರಾಜಕೀಯ ಕಲಿತ ಇಬ್ಬರೂ ಮುಂದೆ ಮುಖ್ಯಮಂತ್ರಿ ಆದರು. ಕಾಗೋಡು ತಿಮ್ಮಪ್ಪನವರು ಸ್ಪೀಕರ್ ಆದರು. ಗೌಡರು ಮಾತ್ರ ಮೂರು ಸಲದ ಎಂಎಲ್ಎ ಆಗಿ ಉಳಿದರು. ಸ್ವಂತದ್ದೊಂದು ಮನೆ ಇರಲಿಲ್ಲ.

ಕೋಣಂದೂರಿನಲ್ಲಿ ತಿಂಡಿಗೆ ನಿಲ್ಲಿಸಿದರು. ಡ್ರೈವರುಗಳು ಕಮಿಷನ್ ಸಿಗುವ ಹೋಟೆಲಿಗೇ ಕರೆದುಕೊಂಡು ಹೋಗುತ್ತಾರೆ ಅನ್ನುವ ಅನುಮಾನ ನನಗೆ ಯಾವಾಗಲೂ. ಇದು ಆರು ಟೇಬಲ್ಲಿನ ಸಣ್ಣ ಹೋಟೆಲು, ಕಮಿಷನ್ ಕೊಡುವ ಪೈಕಿ ಅಲ್ಲ. ಬನ್ಸ್ ಬಿಸಿ ಇತ್ತು, ಕಾಫಿ ಸುಮಾರು. ಇಲ್ಲೇ ದೊಡ್ಡ ವಾದ ಆಗಿದ್ದು.

ಡ್ರೈವರ್ ಹೇಳಿದರು, ಭೂಮಿ ಕಾನೂನು ತಂದಿದ್ದು ಗೋಪಾಲಗೌಡರು, ನಮ್ಮಜ್ಜನಿಗೆ ಎರಡು ಎಕರೆ ಗದ್ದೆ ಸಿಕ್ಕಿದ್ದು ಅವರಿಂದ. ಅಪ್ಪ ಬಿಡುತ್ತಾರಾ? ಮೇಷ್ಟ್ರಾಗಿದ್ದವರು. ಗೌಡರು ತೀರಿಕೊಂಡಿದ್ದು 1972ರ ಜೂನ್ 9ಕ್ಕೆ, ಐವತ್ತೂ ತುಂಬಿರಲಿಲ್ಲ. ಕಾಯಿಲೆ ಬಿದ್ದಿದ್ದರು, ಆ ವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಗೆದ್ದವರು ಇದೇ ಕೋಣಂದೂರಿನ ಲಿಂಗಪ್ಪನವರು. ಗೇಣಿದಾರನಿಗೇ ಭೂಮಿ ಅನ್ನುವ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್ 1ಕ್ಕೆ, ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದಾಗ. ನಿಮ್ಮಜ್ಜ ಡಿಕ್ಲರೇಷನ್, ಅಂದರೆ ಗೇಣಿ ಗದ್ದೆ ನನ್ನ ಹೆಸರಿಗೆ ಮಾಡಿ ಅನ್ನುವ ಅರ್ಜಿ, ಹಾಕಿದ್ದು ಅದರ ಮೇಲೆ. ಇಸವಿಗಳನ್ನೆಲ್ಲ ಅಪ್ಪ ಟೇಬಲ್ಲಿನ ಮೇಲೆ ಬೆರಳಿನಿಂದ ಬರೆದು ತೋರಿಸಿದರು.

ಡ್ರೈವರ್ ಬನ್ಸ್ ಮುರಿಯುತ್ತಾ ಎಲ್ಲವನ್ನೂ ಕೇಳಿದರು. ಆಮೇಲೆ, "ಆಯ್ತು ಬಿಡಿ ಅಜ್ಜಾರೇ, ಕೊಯ್ದಿದ್ದು ಅರಸರು. ಉತ್ತಿದ್ದು ಯಾರು?" ಅಂದರು.

ಅಪ್ಪ ಬಿಲ್ಲು ತಾವೇ ಕೊಟ್ಟರು.

ರಾಜ್ಯದ ಹೆಸರಿನ ವಿಷಯವೂ ಹಾಗೆಯೇ. ಮೈಸೂರು ಅನ್ನುವುದನ್ನು ಬಿಟ್ಟು ಕರ್ನಾಟಕ ಅನ್ನಿ ಅಂತ ಸದನದಲ್ಲಿ ಹಟ ಹಿಡಿದವರಲ್ಲಿ ಗೌಡರು ಮುಂದಿನವರು. ಹೆಸರು ಬದಲಾಗಿದ್ದು 1973ರ ನವೆಂಬರ್ 1ಕ್ಕೆ, ಅವರು ಹೋಗಿ ಒಂದೂವರೆ ವರ್ಷದ ಹತ್ತಿರ ಆಗಿತ್ತು. ಕಾರು ಆರಗದ ಕಡೆ ತಿರುಗುವವರೆಗೂ ಅಪ್ಪ ಇದನ್ನೇ ಹೇಳುತ್ತಿದ್ದರು, ಎರಡೂ ನೋಡಲಿಲ್ಲ ಕಣೋ, ಎರಡೂ ನೋಡಲಿಲ್ಲ ಅಂತ.

ಆರಗದಲ್ಲಿ ಗೌಡರ ಸಮಾಧಿ ಇದೆ. ಅಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಟಿಕೆಟ್ಟಿಲ್ಲ, ಗೈಡಿಲ್ಲ, ಪಾನಿಪುರಿ ಗಾಡಿ ಇಲ್ಲ. ಡ್ರೈವರ್ ಚಪ್ಪಲಿ ಬಿಟ್ಟು ದೂರದಲ್ಲಿ ನಿಂತರು. ಅಪ್ಪ ತುಂಬಾ ಹೊತ್ತು ನಿಂತಿದ್ದರು. ನಾನು ಫೋಟೊ ತೆಗೆಯಲೋ ಬೇಡವೋ ಅಂತ ಯೋಚಿಸಿ ಒಂದೇ ಒಂದು ತೆಗೆದೆ. ಅದರಲ್ಲಿ ಅಪ್ಪನ ಬೆನ್ನು ಮಾತ್ರ ಬಂದಿದೆ. ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲಿ ಅರ್ಧ ಗಂಟೆ ಕೂತು ವಾಪಸ್ ಹೊರಟೆವು. ಅಲ್ಲಿನ ಊಟದ ಬಗ್ಗೆ ಬರೆಯುವಂಥದ್ದು ಏನಿಲ್ಲ.

ಈಗ ಕೊಳಗಕ್ಕೆ ಬರೋಣ.

ಫೋನಿನಲ್ಲಿ ಮಾತಾಗಿದ್ದು ಹೀಗೆ: ಕಿಲೋಮೀಟರಿಗೆ 14 ರೂಪಾಯಿ, ಡ್ರೈವರ್ ಬಾಟಾ 400, ಕಡಿಮೆ ಅಂದರೆ ಇಷ್ಟು ಓಡಿಸಲೇಬೇಕು ಅನ್ನುವ ಕಾಟ ಇಲ್ಲ. ಇದು ಒಳ್ಳೆಯ ರೇಟೇ, ಹೇಳಬೇಕು. ಸಂಜೆ ಆಫೀಸಿಗೆ ಹೋದರೆ ಬಿಲ್ಲಿನಲ್ಲಿ 214 ಕಿಲೋಮೀಟರ್. ನನ್ನ ಫೋನಿನ ಮ್ಯಾಪಿನಲ್ಲಿ ಸ್ಟೇಷನ್ನಿಂದ ಸ್ಟೇಷನ್ನಿಗೆ 186. ಉಳಿದ 28 ಎಲ್ಲಿಂದ ಬಂತು ಸ್ವಾಮಿ ಅಂದರೆ, ಕಾರು ಮಾಲೀಕರ ಶೆಡ್ಡಿನಿಂದ ಹೊರಟು ಶೆಡ್ಡಿಗೆ ವಾಪಸ್ ಹೋಗುವವರೆಗೂ ಲೆಕ್ಕವಂತೆ, ಶೆಡ್ಡು ಊರಾಚೆ ಇದೆಯಂತೆ. ಇದನ್ನು ಫೋನಿನಲ್ಲಿ ಹೇಳಿರಲಿಲ್ಲ. ಅದೇ ದಿನ ಬೆಳಿಗ್ಗೆ ನಮಗಿಂತ ಮುಂಚೆ ಅದೇ ಕಾರು ಬೇರೆ ಯಾರನ್ನೋ ಸ್ಟೇಷನ್ನಿಗೆ ಬಿಟ್ಟಿತ್ತು ಅನ್ನುವುದು ಮಾತಿನ ಮಧ್ಯೆ ಹೊರಗೆ ಬಂತು. ಅಂದರೆ ಶೆಡ್ಡಿನಿಂದ ಸ್ಟೇಷನ್ನಿನ ದಾರಿಗೆ ಅವರೂ ಕೊಟ್ಟಿದ್ದಾರೆ, ನಾವೂ ಕೊಡಬೇಕು. 392 ರೂಪಾಯಿ ದೊಡ್ಡ ದುಡ್ಡಲ್ಲ. ಆದರೆ ಬೆಳಿಗ್ಗೆಯಿಂದ ಕೊಳಗದ ಕಥೆ ಕೇಳಿಕೊಂಡು ಬಂದವರಿಗೆ ಸಂಜೆ ಈ ಬಿಲ್ಲು ಕೊಟ್ಟರೆ ಹೇಗಾಗಬೇಕು ಹೇಳಿ.

ಅಪ್ಪ ಅಲ್ಲೇ ಕುರ್ಚಿ ಎಳೆದು ಕೂತುಬಿಟ್ಟರು. ಜಗಳ ಇಲ್ಲ, ಕೂಗಾಟ ಇಲ್ಲ. "ಬಿಲ್ಲು ತಿದ್ದಿ, ಹೋಗ್ತೀವಿ. ನಮ್ಮ ರೈಲಿಗೆ ಇನ್ನೂ ಟೈಮಿದೆ" ಅಂದರು. ಡ್ರೈವರ್ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದರು. ಅವರದ್ದು ಪೇಚು, ಕಾರು ಅವರದ್ದಲ್ಲ. ದಾರಿಯಲ್ಲೇ ಒಮ್ಮೆ ನಕ್ಕು ಹೇಳಿದ್ದರು, "ಅಜ್ಜನಿಗೆ ಗದ್ದೆ ಬಂತು, ನಾನು ಮಾತ್ರ ಇನ್ನೂ ಗೇಣಿಯವನೇ ಸಾರ್" ಅಂತ. ಇಪ್ಪತ್ತು ನಿಮಿಷ ಆದ ಮೇಲೆ ಮಾಲೀಕರು ಅರ್ಧ ಬಿಟ್ಟರು, 14 ಕಿಲೋಮೀಟರ್ ಕಳೆದು 200ಕ್ಕೆ ಲೆಕ್ಕ ಹಾಕಿದರು. ಬಾಟಾ ಸೇರಿ 3200. ಪೂರ್ತಿ ಬಿಡಲಿಲ್ಲ. ಅಪ್ಪ ರಸೀದಿ ಇಸಕೊಂಡೇ ಎದ್ದರು.

ಡ್ರೈವರಿಗೆ ಬೇರೆಯಾಗಿ 500 ಕೊಟ್ಟಿದ್ದು ಸ್ಟೇಷನ್ನಿನಲ್ಲಿ, ಮಾಲೀಕರ ಎದುರಿಗಲ್ಲ. ಮೊದಲು ಬೇಡ ಬೇಡ ಅಂದರು, ಅಪ್ಪ ಜೇಬಿಗೇ ತುರುಕಿದರು. ಮುಂದಿನ ಸಲ ಬಂದರೆ ನೇರ ಅವರಿಗೇ ಫೋನ್ ಮಾಡಿ, ಅವರು ಯಾವ ಕಾರು ತರುತ್ತಾರೋ ಅದರಲ್ಲೇ ಹೋಗುವುದು ಅಂತ ಮಾತಾಗಿದೆ.

ಹೋಗುವವರಿಗೆ ಎರಡು ಮಾತು. ಮಳೆಗಾಲದಲ್ಲಿ ಬೇಡ, ಜೂನ್ ಆದ ಮೇಲೆ ಆ ರಸ್ತೆಗಳಲ್ಲಿ ವಯಸ್ಸಾದವರನ್ನು ಇಳಿಸಿ ಹತ್ತಿಸುವುದು ಕಷ್ಟ. ಡಿಸೆಂಬರ್, ಜನವರಿ ಚೆನ್ನಾಗಿರುತ್ತದೆ. ಮತ್ತೆ ಕಾರು ಹತ್ತುವ ಮುಂಚೆಯೇ ಮೀಟರಿನ ಫೋಟೊ ಹೊಡೆದುಕೊಳ್ಳಿ, ಡ್ರೈವರ್ ಎದುರಿಗೇ. ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮಗೆ ಈ ಉಪಾಯ ಹೇಳಿಕೊಟ್ಟವರೇ ಅವರು, ರೈಲು ಹೊರಡುವ ಹೊತ್ತಿಗೆ, ಕಿಟಕಿ ಹತ್ತಿರ ಬಂದು.