ರಿಯಾಯಿತಿ ಕೊಟ್ಟರು, ವಿನಾಯಿತಿ ಹೇಳಲಿಲ್ಲ

ನ್ಯೂಯಾರ್ಕ್ ವಕೀಲರ ಕಡ್ಡಾಯ ಕಲಿಕೆಯ ಈ ವಿಡಿಯೋ ಪಾಠಗಳ ಪ್ಯಾಕಿಗೆ ಮೂರು ಸ್ಟಾರ್. ಪಾಠಗಳಿಗೆ ಮಾತ್ರ ಆಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ನಾನು ಧಾರವಾಡ ಹೈಕೋರ್ಟ್ ಪೀಠದಲ್ಲಿ ವಕೀಲೆ. ಮೊದಲು ಕೆಲವು ವರ್ಷ ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ್ದೆ. ಊರಿಗೆ ಬಂದು ಮೂರು ವರ್ಷವಾದರೂ ಅಲ್ಲಿನ ಲೈಸೆನ್ಸ್ ಬಿಟ್ಟಿಲ್ಲ. ಇಲ್ಲಿ ವಕೀಲಿಯ ಸನ್ನದು ಕೈಗೆ ಬಂದು ವಕೀಲರ ಅಖಿಲ ಭಾರತ ಪರೀಕ್ಷೆ ಎಐಬಿಇ ಪಾಸಾದರೆ ಮತ್ತೆ ಯಾರೂ ಕ್ಲಾಸಿಗೆ ಬಾ ಎನ್ನುವುದಿಲ್ಲ. ಅಲ್ಲಿ ಹಾಗಲ್ಲ. ಎರಡು ವರ್ಷಕ್ಕೊಮ್ಮೆ ಇಂಥ ಪಾಠಗಳ 24 ಕ್ರೆಡಿಟ್ ಮುಗಿಸಬೇಕು. 50 ನಿಮಿಷಕ್ಕೆ ಒಂದು ಕ್ರೆಡಿಟ್. ಅದರಲ್ಲಿ 4 ವೃತ್ತಿ ನೀತಿಯದ್ದೇ ಆಗಬೇಕು.

ಹಳೇ ಅಭ್ಯಾಸ. ಹುಟ್ಟುಹಬ್ಬ ಹತ್ತಿರ ಬಂತು, ಅದರ ಜೊತೆಗೇ ಬರುವ ಲೈಸೆನ್ಸ್ ನವೀಕರಣದ ಗಡುವೂ ಬಂತು. ರಿಯಾಯಿತಿಯ ಮೇಲ್ ನೋಡಿ ಪೂರ್ತಿ ಪ್ಯಾಕ್ ಕೊಂಡೆ. ಕಕ್ಷಿದಾರರ ಹಣ ಇಡುವ ಎಸ್ಕ್ರೋ ಖಾತೆಯ ಪಾಠ ಬಹಳ ಚೆನ್ನಾಗಿತ್ತು. ಸೈಬರ್ ಸುರಕ್ಷತೆಯ ಪಾಠ ಕೇಳಿ ಅವತ್ತೇ ಆಫೀಸಿನ ಪಾಸ್‌ವರ್ಡ್ ಬದಲಿಸಿದೆ. ಆದರೆ ವಿಡಿಯೋ ನಡುವೆ ಒಂದು ಕೋಡ್ ಬರುತ್ತದೆ, ಅದನ್ನು ಬರೆದುಕೊಳ್ಳದಿದ್ದರೆ ಸರ್ಟಿಫಿಕೇಟ್ ಇಲ್ಲ. ಧಾರವಾಡದ ಮಳೆಗಾಲ ಗೊತ್ತಲ್ವಾ? ಸರಿಯಾಗಿ ಕೋಡ್ ಬರುವ ಹೊತ್ತಿಗೆ ಕರೆಂಟ್ ಹೋಗುತ್ತಿತ್ತು. ಮತ್ತೆ ಮೊದಲಿನಿಂದ.

24 ಮುಗಿಸಿ ನೋಂದಣಿ ಫಾರ್ಮ್ ತೆರೆದೆ. ಅಲ್ಲೇ ಇತ್ತು: ಈ ಅವಧಿಯಲ್ಲಿ ನ್ಯೂಯಾರ್ಕಿನಲ್ಲಿ ವಕೀಲಿ ಮಾಡದವರಿಗೆ ಈ ಕಲಿಕೆಯಿಂದ ವಿನಾಯಿತಿ. ಒಂದು ಟಿಕ್, ಅಷ್ಟೇ! 375 ಡಾಲರ್ ನವೀಕರಣ ಶುಲ್ಕ ಮಾತ್ರ ಕಟ್ಟಲೇಬೇಕು. ನಿವೃತ್ತರಿಗೆ ಅದೂ ಇಲ್ಲ. ಆದರೆ ದಿನಾ ಕರಿ ಕೋಟು ಹಾಕುವ ನಾನು ಯಾವ ಬಾಯಿಂದ ನಿವೃತ್ತೆ ಅನ್ನಲಿ?

ಕ್ಯಾಂಟೀನಿನಲ್ಲಿ ಹೇಳಿದರೆ ನಮ್ಮ ಸೀನಿಯರ್ ನಕ್ಕರು. "ಕಕ್ಷಿದಾರರಿಗೆ ಓದಿ ಸಹಿ ಮಾಡ್ರಿ ಅಂತೀವಿ. ನೀ ಓದಲಿಲ್ಲೇನವಾ?"

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೂ ವಿಳಾಸದಲ್ಲಿ ಧಾರವಾಡ ಅಂತ ತುಂಬಿಸಿಕೊಂಡ ಕಂಪನಿ "ನೀವು ಅಲ್ಲಿ ವಕೀಲಿ ಮಾಡುತ್ತೀರಾ?" ಎಂದು ಒಂದು ಪ್ರಶ್ನೆ ಕೇಳಬಹುದಿತ್ತು. ದುಡ್ಡು ವಾಪಸ್ ಕೇಳಿದೆ. ಎಲ್ಲಾ ನೋಡಿ ಮುಗಿಸಿದ್ದೀರಲ್ಲ ಎಂದರು. ಅದೂ ನಿಜವೇ.

ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ನ್ಯೂಯಾರ್ಕಿನ ಕಕ್ಷಿದಾರರಿಗೆ ಅಲ್ಲಿನ ಕಾನೂನಿನ ಸಲಹೆ ಕೊಡುವವರು ಸುಮ್ನೆ ಟಿಕ್ ಹಾಕಬೇಡಿ, ನಿಯಮ ಓದಿ. ಅಂಥವರಿಗೆ ಈ ಪ್ಯಾಕ್ ಧಾರಾಳವಾಗಿ ಹೇಳುತ್ತೇನೆ. ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.